ತಪ್ಪು ಹಿಡಿಯಬೇಕೆ? ಮೊದಲು ಸರಿಯನ್ನು ಕಲಿ

ಪುಟ್ಟಿ,

ಸೈಬರ್ ಸೆಕ್ಯುರಿಟಿಯಲ್ಲೇ ಮುಂದುವರಿಯಬೇಕೆಂದಿದ್ದೇನೆ, ಯಾವ ಸರ್ಟಿಫಿಕೇಟ್ ಕೋರ್ಸ್ ಸೇರಲಿ ಎಂದು ಕೇಳಿದ್ದೀಯ. ನಿನ್ನ ಆಸೆ ಕೇಳಿ ಮನಸ್ಸು ತುಂಬಿ ಬಂತು. ಕೋರ್ಸಿನ ಮಾತು ಆಮೇಲಿರಲಿ. ಈ ವಿದ್ಯೆಯಲ್ಲಿ ಹೆಸರು ಮಾಡಿದವರನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲವೂ ಸರಿಯಾಗಿ ನಡೆಯುವಾಗ ಹೇಗಿರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೂದಲೆಳೆಯಷ್ಟು ವ್ಯತ್ಯಾಸವೂ ಅವರ ಕಣ್ಣು ತಪ್ಪಲಿಲ್ಲ.

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಕಂಪ್ಯೂಟರ್ ಬಳಕೆಯ ಲೆಕ್ಕ ನೋಡುತ್ತಿದ್ದಾಗ 75 ಸೆಂಟ್ ತಾಳೆಯಾಗಲಿಲ್ಲ. ಒಂದು ಡಾಲರ್ ಕೂಡ ಅಲ್ಲ! ಆದರೂ ಅವರು ಬಿಡಲಿಲ್ಲ. ಕಳ್ಳತನದಿಂದ ಒಳಬಂದವನು ಟೈಪ್ ಮಾಡಿದ್ದನ್ನೆಲ್ಲ ಪ್ರಿಂಟರಿನಲ್ಲಿ ಅಚ್ಚಾಗುವಂತೆ ಮಾಡಿದರು, ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ತಿಂಗಳುಗಟ್ಟಲೆ ಜಾಡು ಹಿಡಿದು ಹೋದಾಗ ಸಿಕ್ಕವನು ಜರ್ಮನಿಯ ಹ್ಯಾನೋವರಿನಲ್ಲಿದ್ದ. ಅಮೆರಿಕದ ಸೇನೆಯ ಕಂಪ್ಯೂಟರುಗಳನ್ನು ಜಾಲಾಡಿ, ಸಿಕ್ಕಿದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದ ಗುಂಪು ಅವನದು.

ಇದು ಹಳೆಯ ಕಾಲದ್ದು ಅನ್ನಿಸೀತು. 2024ರ ಮಾರ್ಚಿನ ಮಾತು ಕೇಳು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದು ಕಂಡಿತು. ಅವರು ಡೇಟಾಬೇಸ್ ತಂತ್ರಾಂಶ ಬರೆಯುವವರೇ ಹೊರತು ಭದ್ರತಾ ತಜ್ಞರಲ್ಲ. ಆದರೂ ಯಾಕೆ ತಡ ಎಂದು ಕೆದಕಿದರು. ಲಿನಕ್ಸಿನ ಎಕ್ಸ್‌ಜ಼ೆಡ್ ಎಂಬ ಚಿಕ್ಕ ತಂತ್ರಾಂಶದೊಳಗೆ ಯಾರೋ ಹಿಂಬಾಗಿಲು ಇಟ್ಟಿದ್ದರು. ಅದನ್ನು ಇಟ್ಟವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೋಡ್ ಬರೆದುಕೊಟ್ಟು ನಂಬಿಕೆ ಗಳಿಸಿದ್ದರು. ಅದು ಸಿಗದೇ ಹೋಗಿದ್ದರೆ ಲೋಕದ ಎಷ್ಟೋ ಸರ್ವರುಗಳ ಬೀಗದಕೈ ಅವರ ಕೈಗೆ ಸೇರುತ್ತಿತ್ತು.

ನಮ್ಮ ಅಜ್ಜಿಗೆ ಹಸು ಮೇವಿಗೆ ಬಾಯಿ ಹಾಕುವ ರೀತಿ ನೋಡಿದರೆ ಸಾಕು, ಮೈ ಸರಿಯಿಲ್ಲವೆಂದು ಗೊತ್ತಾಗುತ್ತಿತ್ತು. ನಿನಗೂ ಕಂಪ್ಯೂಟರಿನ ಜೊತೆ ಅಂಥ ಒಡನಾಟ ಬೇಕು.

ಆದ್ದರಿಂದ ಲಿನಕ್ಸಿನಿಂದ ಶುರುಮಾಡು. ಪರ್ಮಿಷನ್ ಅಂದರೇನು, ಪ್ರೋಸೆಸ್ ಅಂದರೇನು, ಲಾಗ್ ಎಲ್ಲಿ ಸೇರುತ್ತದೆ ಎಂಬುದು ಕೈಗೆ ಬರಬೇಕು. ಓವರ್‌ದವೈರ್‌ನ ಬ್ಯಾಂಡಿಟ್ ಆಟ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತದೆ, ಕಾಸು ಬೇಡ. ಆಮೇಲೆ ನೆಟ್‌ವರ್ಕ್. ನಿನ್ನ ಲ್ಯಾಪ್‌ಟಾಪಿನಲ್ಲೇ ವೈರ್‌ಶಾರ್ಕ್ ಹಾಕಿ ಒಂದು ವೆಬ್‌ಸೈಟ್ ತೆರೆ. ಹೆಸರು ಡಿಎನ್‌ಎಸ್‌ನಲ್ಲಿ ವಿಳಾಸವಾಗುವುದು, ಟಿಸಿಪಿ ಕೈಕುಲುಕುವುದು, ಟಿಎಲ್‌ಎಸ್ ಮಾತನ್ನು ಗುಟ್ಟಾಗಿಸುವುದು ಒಂದೊಂದಾಗಿ ಕಣ್ಣೆದುರು ಬರುತ್ತವೆ. ಜೊತೆಗೆ ಪೈಥಾನ್ ಇರಲಿ. ಸಾವಿರಾರು ಸಾಲಿನ ಲಾಗನ್ನು ಬರೀ ಕಣ್ಣಿನಿಂದ ಓದಲಾಗದು.

ದಾಳಿಯ ಪಾಠ ಇದಾದ ಮೇಲೆ. ಎಸ್‌ಕ್ಯುಎಲ್ ಇಂಜೆಕ್ಷನ್ ಮಾಡಿ ತೋರಿಸುವ ಟೂಲ್ ಬೇಕಾದಷ್ಟಿವೆ. ಬಳಸುವವರು ಟೈಪ್ ಮಾಡಿದ ಪದ ಡೇಟಾಬೇಸಿಗೆ ಆಜ್ಞೆಯಾಗಿ ಹೇಗೆ ಕೇಳಿಸಿತು ಎಂದು ವಿವರಿಸಬಲ್ಲವರೇ ಅದನ್ನು ಮುಚ್ಚಬಲ್ಲರು. ಪೋರ್ಟ್‌ಸ್ವಿಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೊಸಿಟಿಎಫ್ ಎರಡೂ ಉಚಿತ. ಇವುಗಳಲ್ಲಿ ಕೈ ಪಳಗಿದ ಮೇಲೆ ಸರ್ಟಿಫಿಕೇಟ್ ಪರೀಕ್ಷೆಗೆ ದುಡ್ಡು ಕಟ್ಟು, ನಾನೂ ಕೈಜೋಡಿಸುತ್ತೇನೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಿನ್ನದಲ್ಲದ ಕಂಪ್ಯೂಟರನ್ನು ಅನುಮತಿಯಿಲ್ಲದೆ ಮುಟ್ಟಬೇಡ, ಕಾಲೇಜಿನ ರಿಸಲ್ಟ್ ಪುಟವನ್ನೂ ಸಹ. ನಮ್ಮ 2000ನೇ ಇಸವಿಯ ಐಟಿ ಕಾಯ್ದೆಯ 43ನೇ ಸೆಕ್ಷನ್ನಿನಲ್ಲಿ ಅನುಮತಿಯಿಲ್ಲದ ಪ್ರವೇಶಕ್ಕೆ ಪರಿಹಾರ ಕಟ್ಟಬೇಕು. ಅದರಲ್ಲಿ ಮೋಸದ ಉದ್ದೇಶವಿದ್ದರೆ 66ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾಯ್ದೆಗಿಂತ ದೊಡ್ಡದು ನಂಬಿಕೆ. ಬೀಗ ತೆರೆಯಬಲ್ಲವರ ಕೈಗೆ ಜನ ಬೀಗದಕೈ ಕೊಡುವುದು ಅವರ ನಡತೆ ನೋಡಿಯೇ. ಅಚಾನಕ್ಕಾಗಿ ಯಾವುದಾದರೂ ದೋಷ ಕಂಡರೆ ಅಲ್ಲಿಗೇ ನಿಲ್ಲಿಸಿ, ಆ ಸಂಸ್ಥೆಗೋ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೋ ತಿಳಿಸು.

ಬರವಣಿಗೆಯನ್ನು ಅಸಡ್ಡೆ ಮಾಡಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳ ಕೆಲಸ ಕೆಡಿಸಿತು. ಅದು ನುಗ್ಗಿದ ತೂತನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಔಷಧ ಇತ್ತು, ಹಾಕಿರಲಿಲ್ಲ. ಇಂಥ ಪ್ಯಾಚನ್ನು ಈ ವಾರವೇ ಯಾಕೆ ಹಾಕಬೇಕು ಎಂದು ತಾಂತ್ರಿಕ ಜ್ಞಾನವಿಲ್ಲದ ಮೇಲಧಿಕಾರಿಗೆ ಒಂದು ಪುಟದಲ್ಲಿ ಮನವರಿಕೆ ಮಾಡುವುದೂ ನಿನ್ನ ಕೆಲಸವೇ.

ಕನ್ನಡದಲ್ಲೂ ವಿವರಿಸಲು ಕಲಿ. ವಂಚಕರು ತಾವು ಸಿಬಿಐನವರೆಂದು ವಿಡಿಯೋ ಕಾಲ್ ಮಾಡಿ, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ, ನಿವೃತ್ತರ ಜೀವಮಾನದ ಉಳಿತಾಯವನ್ನು ದೋಚುತ್ತಿದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ, ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನು ನಿಮ್ಮ ಬೀದಿಯ ಹಿರಿಯರಿಗೆಲ್ಲ ತಿಳಿಸು. ನೀನು ಕಲಿಯುವ ವಿದ್ಯೆ ಕಾಯಬೇಕಾದದ್ದು ಇವರನ್ನೇ.

ಈ ತಿಂಗಳು ಲಿನಕ್ಸ್ ಹಾಕಿಕೊಂಡು ಕೂತುಬಿಡು. ಏನು ಕಂಡೆ, ಎಲ್ಲಿ ತಡೆಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗು, ಅರ್ಥವಾಗದ್ದನ್ನು ನನಗೆ ಕಳಿಸು. ಒಟ್ಟಿಗೆ ಕೂತು ಬಿಡಿಸೋಣ. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಏಳಿಗೆಯನ್ನೇ ಬಯಸುವ,
ಮಾವ