ಅವರ ಹೆಸರು ನಮಗೆ ಗೊತ್ತೇ?



ಕಳೆದ ಕ್ರಿಸ್‌ಮಸ್‌ಗೆ ನಮ್ಮ ಯುವಬಳಗದವರು ಹಣ ಕೂಡಿಸಿ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ದೇವಾಲಯದ ಮುಂದೆ ಹಂಚಿದೆವು. ಬಂದವರನ್ನು ಸಾಲಾಗಿ ನಿಲ್ಲಿಸಿ ಫೋಟೋ ಕೂಡ ತೆಗೆದೆವು. ನಮ್ಮ ಬೀದಿಯ ಅಜ್ಜಿಯೊಬ್ಬರು ಬರಲಿಲ್ಲ. ಉಳಿದ ಚೀಲ ಹಿಡಿದು ಅವರ ಮನೆಗೆ ಹೋದೆವು. "ಪಟ ಹಿಡೀತೀರ ಅಂತ ನಾಚ್ಕೆ ಆಯ್ತು ಕಣ್ರಪ್ಪ" ಎಂದರು. ಆಮೇಲೆ ಟ್ರಂಕಿನಿಂದ ಒಂದು ಕಾಗದ ತೆಗೆದು, "ಇದ್ರಾಗೆ ಏನು ಬರೆದವ್ರೆ, ಓದಿ ಹೇಳಿ" ಎಂದರು.

ವೃದ್ಧಾಪ್ಯ ಪಿಂಚಣಿಯ ಕುರಿತು ತಮಿಳಿನಲ್ಲಿ ಬಂದ ಕಾಗದ ಅದು. ಅಜ್ಜಿಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬಾರದು. ಎರಡು ತಿಂಗಳಿಂದ ಅದು ಟ್ರಂಕಿನಲ್ಲೇ ಇತ್ತು. ತಮಿಳು ಶಾಲೆಯಲ್ಲಿ ಓದಿದ ನಾವು ಅದೇ ಬೀದಿಯಲ್ಲೇ ಇದ್ದೆವು! ನಾವು ಅಕ್ಕಿಯ ಲೆಕ್ಕ ಹಾಕಿದ್ದೆವು, ಅಜ್ಜಿಯನ್ನು ಮಾತಾಡಿಸಿರಲಿಲ್ಲ.

ಶುಭಸಂದೇಶದ ಬೆಳಕು (ಲೂಕ 10:25-37)

ದಯಾಳು ಸಮಾರಿಯದವನು ಹಣ ಕೊಟ್ಟದ್ದು ಯಾವಾಗ? ಕಟ್ಟಕಡೆಗೆ. ಮೊದಲು ಗಾಯಗೊಂಡವನ ಹತ್ತಿರ ಹೋದ, ಗಾಯ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ, ಅಲ್ಲೇ ಆರೈಕೆ ಮಾಡಿದ. ಮರುದಿನ ಎರಡು ಬೆಳ್ಳಿ ನಾಣ್ಯ ಕೊಟ್ಟು, ಮತ್ತೆ ಬರುವುದಾಗಿಯೂ ಹೇಳಿ ಹೋದ. ಯಾಜಕನೂ ಲೇವಿಯನೂ ಆ ಗಾಯಾಳುವನ್ನು ಕಂಡಿದ್ದರು. ಆದರೆ ಹತ್ತಿರ ಹೋಗಲಿಲ್ಲ.

ಒಬ್ಬ ವಿದ್ಯಾರ್ಥಿಯ ಮಾದರಿ

1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಝಾನಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರೊಂದಿಗೆ ಒಂದು ಬಳಗ ಕಟ್ಟಿದರು. ಬಡವರ ಮನೆಗಳಿಗೆ ಹೋಗಿ ಕಾಣುವುದನ್ನು ಅವರಿಗೆ ಕಲಿಸಿದವರು ಸಿಸ್ಟರ್ ರೋಸಲಿ ರೆಂಡು. ಆ ಬಳಗವೇ ಸಂತ ವಿನ್ಸೆಂಟ್ ದಿ ಪೌಲರ ಸಭೆ. ಸದಸ್ಯರು ಇಂದಿಗೂ ಇಬ್ಬಿಬ್ಬರಾಗಿ ಮನೆಗಳಿಗೆ ಭೇಟಿ ಕೊಡುತ್ತಾರೆ. 1997ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಓಝಾನಮ್‌ರನ್ನು ಧನ್ಯರೆಂದು ಸಾರಿದರು.

ಹಾಗಾದರೆ ಅಕ್ಕಿ ಕೊಡುವುದು ಬೇಡವೇ? ಖಂಡಿತ ಬೇಕು. ಹಸಿದವರಿಗೆ ಬರೀ ಒಳ್ಳೆಯ ಮಾತಿನಿಂದ ಪ್ರಯೋಜನವಿಲ್ಲವೆಂದು ಯಕೋಬನ ಪತ್ರ (2:15-16) ಎಚ್ಚರಿಸುತ್ತದೆ. ಅಕ್ಕಿಯ ಜೊತೆ ನಾವೂ ಹೋಗಬೇಕು, ಅಷ್ಟೇ.

ಈ ತಿಂಗಳು ನಾವು ಮಾಡುವುದು

1. ಇಬ್ಬಿಬ್ಬರಾಗಿ ಒಂದೊಂದು ಮನೆಗೆ ಹೋಗೋಣ, ತಿಂಗಳಿಗೆ ಎರಡು ಸಲವಾದರೂ. ಅವರ ಜಾತಿ, ಮತ, ಭಾಷೆ ಕೇಳುವುದು ಬೇಡ.
2. ಫೋಟೋ ಬೇಡ. ಅವರ ಕಷ್ಟ ಇನ್ನೊಬ್ಬರ ಮುಂದೆ ಆಡುವುದೂ ಬೇಡ.
3. ಅವರು ಟೀ ಕೊಟ್ಟರೆ ಕುಡಿಯೋಣ. ಕೊಡುವ ಸಂತೋಷ ಅವರಿಗೂ ಇರಲಿ.
4. ತಮಿಳು ಓದು ಬಲ್ಲವರು ಭಾನುವಾರ ಬಲಿಪೂಜೆಯ ನಂತರ ಅರ್ಧ ಗಂಟೆ ಉಳಿದು, ಕಾಗದಪತ್ರ ತಂದವರಿಗೆ ಓದಿ ಹೇಳೋಣ.

ಅಜ್ಜಿಯ ಅರ್ಜಿಯನ್ನು ಮತ್ತೆ ಬರೆದುಕೊಟ್ಟಿದ್ದೇವೆ. ಹಣ ಇನ್ನೂ ಬಂದಿಲ್ಲ. ಅವರ ಮನೆಗೆ ಹೋಗುವುದನ್ನು ನಾವು ಬಿಟ್ಟಿಲ್ಲ.

ಚಿಂತನೆಗೆ: ನಮ್ಮಿಂದ ಸಹಾಯ ಪಡೆದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಅವರಲ್ಲಿ ಯಾರ ಮನೆಯಲ್ಲಿ ನಾವು ಕುಳಿತು ಮಾತಾಡಿದ್ದೇವೆ?

ಪ್ರಾರ್ಥನೆ: ಪ್ರಭುವೇ, ಬಡವರಲ್ಲಿ ನಿಮ್ಮನ್ನು ಕಾಣುವ ಕಣ್ಣನ್ನೂ ಅವರ ಬಾಗಿಲಿಗೆ ನಡೆಯುವ ಕಾಲನ್ನೂ ನಮಗೆ ಕೊಡಿ. ಆಮೆನ್.