ಗೃಹಬಂಧದ ಕಾಲವೂ ಕುಟುಂಬ ಜೀವನವೂ

ಸಾಂಕ್ರಾಮಿಕ ಜಾಡ್ಯಗಳು ನಮ್ಮ ನಾಡಿಗೆ ಹೊಸವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಮನೆಗಳಿಗೆ ಬೀಗ ಹಾಕಿ, ಪಾತ್ರೆಪಡಗಗಳನ್ನು ಗಾಡಿಗೇರಿಸಿ, ಊರ ಹೊರಗಣ ಬಯಲಿನಲ್ಲಿ ಗುಡಿಸಲು ಹೂಡಿ ವಾಸಮಾಡಿದರು. ಇಲಿ ಬಿದ್ದ ಮನೆಯನ್ನು ಬಿಟ್ಟು ಹೊರಡುವುದೇ ಅಂದಿನ ಉಪಾಯ. ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೇಗನೆ ಬೆಳೆದುದಕ್ಕೆ ಆ ಭಯವೂ ಒಂದು ಕಾರಣ. 2020ರಲ್ಲಿ ನಡೆದುದು ಇದಕ್ಕೆ ನೇರ ವಿರುದ್ಧ. ಕೋವಿಡ್ ಬೇನೆಯು ಉಸಿರಿನ ಮೂಲಕ ಒಬ್ಬರಿಂದೊಬ್ಬರಿಗೆ ಹರಡುವುದಾದ್ದರಿಂದ ಮನೆಯೊಳಗೆ ಇರುವುದೇ ರಕ್ಷಣೆಯಾಯಿತು. ಪ್ಲೇಗು ಮನೆಗಳನ್ನು ಬರಿದುಮಾಡಿತು; ಕೋವಿಡ್ ಅವನ್ನು ತುಂಬಿತು. ತುಂಬಿದ ಮನೆಯ ಭಾರವನ್ನು ಹೊತ್ತವರು ಯಾರೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

2020ನೆಯ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಲಾಕ್‌ಡೌನನ್ನು ಸಾರಿದರು. ಅಂದಿನ ನಡುರಾತ್ರಿಯಿಂದಲೇ ಅದು ಜಾರಿಗೆ ಬಂದಿತು. ಮೊದಲು 21 ದಿನಗಳೆಂದಿದ್ದುದು ಮೂರು ಸಾರಿ ಮುಂದುವರಿದು ಮೇ 31ರವರೆಗೆ ನಡೆಯಿತು. ಮೊದಮೊದಲು ಅನೇಕ ಮನೆಗಳಿಗೆ ಇದು ಹಬ್ಬದಂತೆಯೇ ತೋರಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಮಕ್ಕಳು ಮಲಗಿದ ಮೇಲೆ ಮನೆಗೆ ಬರುತ್ತಿದ್ದ ತಂದೆಯವರು ಹಗಲಿನಲ್ಲಿ ಕಣ್ಣಿಗೆ ಬಿದ್ದರು. ಚೌಕಾಬಾರ, ಅಳಗುಳಿಮಣೆಗಳು ಅಟ್ಟದಿಂದ ಇಳಿದವು. ಆ ವರ್ಷ ಈಸ್ಟರ್ ಹಬ್ಬವು ಏಪ್ರಿಲ್ 12ರಂದು ಬಂದಿತು. ದೇವಾಲಯಗಳು ಮುಚ್ಚಿದ್ದ ಕಾರಣ ಕ್ರೈಸ್ತ ಕುಟುಂಬಗಳು ನಡುಮನೆಯಲ್ಲಿಯೇ ಆರಾಧನೆ ನಡಿಸಿದವು. ಎಷ್ಟೋ ಕಾಲದಿಂದ ನಿಂತುಹೋಗಿದ್ದ ಸಂಜೆಯ ಕುಟುಂಬ ಪ್ರಾರ್ಥನೆಯು ಕೆಲವು ಮನೆಗಳಲ್ಲಿ ಮರಳಿ ಆರಂಭವಾಯಿತು. ಈ ಲಾಭಗಳು ಸುಳ್ಳಲ್ಲ.

ಆದರೆ ಎಲ್ಲರೂ ಮನೆಯಲ್ಲಿದ್ದಾರೆಂದರೆ ಮೂರು ಹೊತ್ತೂ ಎಲ್ಲರ ಅನ್ನವು ಅಲ್ಲಿಯೇ ಬೇಯಬೇಕು, ಎಲ್ಲರ ತಟ್ಟೆಗಳನ್ನೂ ಅಲ್ಲಿಯೇ ತೊಳೆಯಬೇಕು. ಕೆಲಸದಾಕೆಯು ಬರುವಂತಿರಲಿಲ್ಲ. ತಂದ ತರಕಾರಿಯನ್ನು ಉಪ್ಪುನೀರಿನಲ್ಲಿ ತೊಳೆಯುವುದು, ಹೊರಗೆ ಹೋಗಿಬಂದವರ ಬಟ್ಟೆಯನ್ನು ಬೇರೆಯಾಗಿ ನೆನೆಯಿಡುವುದು ಮುಂತಾದ ಹೊಸ ಕೆಲಸಗಳು ಹಳೆಯವುಗಳ ಮೇಲೆ ಬಂದು ಕುಳಿತವು. 2019ರಲ್ಲಿ, ಎಂದರೆ ಬೇನೆ ಬರುವುದಕ್ಕೆ ಮುಂಚೆ, ಜನರು ದಿನದ ಹೊತ್ತನ್ನು ಹೇಗೆ ಕಳೆಯುವರೆಂದು ಭಾರತ ಸರ್ಕಾರವು ಲೆಕ್ಕ ತೆಗೆಯಿಸಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ 299 ನಿಮಿಷಗಳನ್ನು ಕೊಡುತ್ತಿದ್ದರು. ಮಾಡುವ ಗಂಡಸರು 97 ನಿಮಿಷಗಳನ್ನು. ಹಾಗೆ ಮಾಡುವ ಗಂಡಸರಾದರೂ ನಾಲ್ವರಲ್ಲಿ ಒಬ್ಬರಷ್ಟೇ. ಐದು ಗಂಟೆಯ ಈ ದುಡಿತದ ಮೇಲೆ ಲಾಕ್‌ಡೌನು ಇನ್ನೆಷ್ಟನ್ನು ಹೇರಿತೆಂಬುದನ್ನು ಇದನ್ನು ಓದುವ ತಾಯಂದಿರು ತಾವೇ ಕೂಡಿಸಿಕೊಳ್ಳಬಲ್ಲರು. ಗಂಡನು ಕಂಪ್ಯೂಟರಿನ ಮುಂದೆ ಕುಳಿತರೆ ಆ ಮೂಲೆ ಕಚೇರಿಯಾಯಿತು. ಉದ್ಯೋಗಸ್ಥೆಯಾದ ಹೆಂಡತಿಯು ಕುಳಿತರೂ ಒಲೆಯ ಮೇಲಿನ ಹಾಲು ಅವಳನ್ನೇ ಕೂಗಿತು.

ಉಪಾಧ್ಯಾಯಿನಿಯರಾದ ನಮ್ಮ ಕಣ್ಣಿಗೆ ಹೆಚ್ಚಾಗಿ ಬಿದ್ದುದು ಮಗಳ ಸ್ಥಿತಿ. ಶಾಲೆಯು ಮೊಬೈಲಿನೊಳಕ್ಕೆ ಹೋದಾಗ ಅನೇಕ ಮನೆಗಳಲ್ಲಿ ಇದ್ದುದು ಒಂದೇ ಮೊಬೈಲು. ತಂದೆಯವರ ಕೆಲಸ ಮುಗಿದ ಮೇಲೆ ಅಣ್ಣನ ಪಾಠ; ಅಣ್ಣನದು ಮುಗಿದ ಮೇಲೆ ಉಳಿದರೆ ತಂಗಿಯದು. ಹಾಜರಿ ಕರೆದಾಗ ಹುಡುಗಿಯ ಉತ್ತರದೊಡನೆ ಕುಕ್ಕರಿನ ಸೀಟಿಯೂ ಕೇಳಿಬರುತ್ತಿತ್ತು. ದೂರದರ್ಶನದ ಚಂದನ ವಾಹಿನಿಯ ಪಾಠಗಳು ಮೊಬೈಲಿಲ್ಲದವರಿಗೆ ಉಪಕಾರವಾದವು. ಆದರೆ ಆ ಪಾಠದ ಹೊತ್ತಿಗೆ ಹುಡುಗಿಯನ್ನು ಅಡಿಗೆಮನೆಯಿಂದ ಬಿಡುವವರಾರು? 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ ಉಪಾಧ್ಯಾಯರು ಹಳ್ಳಿಗಳಿಗೇ ಹೋಗಿ, ಮರದ ನೆರಳಿನಲ್ಲಿ, ಗುಡಿಯ ಜಗಲಿಯಲ್ಲಿ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರದಲ್ಲಿ ಅದೂ ನಿಂತಿತು. ಬುದ್ಧಿವಂತರಾದ ಕೆಲವು ತಂದೆತಾಯಿಗಳು ಯಾರಿಗೆ ಯಾವ ಹೊತ್ತಿನಲ್ಲಿ ಮೊಬೈಲು, ಯಾರಿಗೆ ಯಾವ ಹೊತ್ತಿನಲ್ಲಿ ಪಾತ್ರೆ ಎಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದರು. ಅಂಥ ಮನೆಗಳ ಹುಡುಗರು ಅನ್ನ ಬಸಿಯಲು ಕಲಿತರು. ಹುಡುಗಿಯರು ಪಾಠ ತಪ್ಪಿಸಲಿಲ್ಲ.

ದಿನಗೂಲಿಯವರ ಮನೆಗಳಲ್ಲಿ ಚಿಂತೆಯೇ ಬೇರೆ. ಕೂಲಿ ನಿಂತಿತು, ಮಕ್ಕಳ ಬಿಸಿಯೂಟವೂ ನಿಂತಿತು. ಏಪ್ರಿಲಿನಿಂದ ಪಡಿತರ ಚೀಟಿಯುಳ್ಳವರಿಗೆ ತಲೆಗೆ 5 ಕಿಲೋ ಧಾನ್ಯವು ಧರ್ಮಾರ್ಥವಾಗಿ ದೊರೆಯಿತು. ಜನಧನ ಖಾತೆಯುಳ್ಳ ಹೆಂಗಸರಿಗೆ ಮೂರು ತಿಂಗಳು 500 ರೂಪಾಯಿಯಂತೆ ಬಂದಿತು. ಆ ಹಣವು ಹೆಣ್ಣಿನ ಹೆಸರಿಗೆ ಬಂದುದು ಒಳ್ಳೆಯದಾಯಿತೆಂದು ನಮ್ಮ ಅಭಿಪ್ರಾಯ. ಮುಚ್ಚಿದ್ದ ಮದ್ಯದಂಗಡಿಗಳು ನಮ್ಮ ರಾಜ್ಯದಲ್ಲಿ ಮೇ 4ರಂದು ತೆರೆದಾಗ ಎದುರಿಗೆ ನಿಂತ ಸಾಲುಗಳನ್ನು ನೋಡಿದವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೊಡೆಯುವ ಗಂಡನೊಡನೆ ಹಗಲಿರುಳು ಒಂದೇ ಸೂರಿನಡಿ ಸಿಕ್ಕಿಬಿದ್ದವಳಿಗೆ ಬಾಗಿಲು ಮುಚ್ಚುವುದು ರಕ್ಷಣೆಯಾಗಿರಲಿಲ್ಲ. ದೂರುಗಳು ಹೆಚ್ಚಿದುದನ್ನು ಕಂಡು ರಾಷ್ಟ್ರೀಯ ಮಹಿಳಾ ಆಯೋಗವು ಏಪ್ರಿಲ್ 10ರಂದು ವಾಟ್ಸಾಪಿನಲ್ಲಿ ಬರೆದು ತಿಳಿಸಲು ಒಂದು ಸಂಖ್ಯೆಯನ್ನು ತೆರೆಯಿತು. ಗಂಡನು ಕೇಳುವಂತೆ ದೂರವಾಣಿಯಲ್ಲಿ ದೂರು ಹೇಳುವ ಹೆಂಗಸೆಲ್ಲಿ?

ಶಾಲೆ ಮುಚ್ಚಿದ್ದಾಗ ಹೆಣ್ಣುಮಕ್ಕಳ ಮದುವೆಯ ಮಾತು ಬೇಗನೆ ಏಳುತ್ತಿತ್ತು. ಮದುವೆಗೆ ಐವತ್ತು ಜನರಿಗಿಂತ ಹೆಚ್ಚು ಸೇರಬಾರದೆಂಬ ಕಟ್ಟಳೆಯಿಂದ ಖರ್ಚೂ ಇಳಿದಿತ್ತು. ಹದಿನೆಂಟು ತುಂಬದ ಹುಡುಗಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಬೇಕಿರಲಿಲ್ಲ. 2021ರ ಜನವರಿ 1ರಂದು ಹತ್ತನೆಯ ತರಗತಿಗಳು ತೆರೆದಾಗ ನಾವು ಮೊದಲು ಎಣಿಸಿದುದು ಬಂದವರನ್ನಲ್ಲ, ಬಾರದವರನ್ನು. ಅವರ ಮನೆಗಳಿಗೆ ಇಬ್ಬಿಬ್ಬರಾಗಿ ಹೋದೆವು. ಏಪ್ರಿಲ್ 27ರಿಂದ ಎರಡನೆಯ ಅಲೆಯ ನಿರ್ಬಂಧಗಳು ಬಂದವು, ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜುಲೈ 19 ಮತ್ತು 22ರಂದು ಎರಡೇ ದಿನ ನಡೆಯಿತು. ಅದಕ್ಕೆ ಮುಂಚಿನ ಒಂದು ವಾರ ಹುಡುಗಿಯರಿಗೆ ಮನೆಗೆಲಸದಿಂದ ಬಿಡುವು ಕೊಡಬೇಕೆಂದು ತಂದೆತಾಯಿಗಳನ್ನು ಬೇಡಿಕೊಂಡೆವು. ಕೊಟ್ಟವರೂ ಉಂಟು, ಅವಳಿಲ್ಲದೆ ಮನೆ ನಡೆಯದಮ್ಮಾ ಎಂದವರೂ ಉಂಟು.