ಗುಜರಿಗೆ ಹಾಕುವ ಮುನ್ನ

ನಿಮ್ಮ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಸ್ವಲ್ಪ ತಾಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನಿಜ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, 4 ಜಿಬಿ ರ‍್ಯಾಮ್ ಕೇಳುತ್ತದೆ. ಎಷ್ಟೋ ಹಳೆಯ ಯಂತ್ರಗಳು ಅಲ್ಲೇ ಸೋಲುತ್ತವೆ.

ಹಾಗಾದರೆ ಯಾವ ಓಎಸ್ ಆರಿಸಬೇಕು? ಟ್ಯಾಲಿ, ನುಡಿ ತಂತ್ರಾಂಶ ಬಳಸುವವರಿಗೆ ವಿಂಡೋಸೇ ಅನುಕೂಲ. ಆದರೆ ವೈರಸ್ ಕಾಟವೂ ಅಲ್ಲೇ ಹೆಚ್ಚು. ಮ್ಯಾಕ್‌ಓಎಸ್ ನಯವಾಗಿ ನಡೆಯುತ್ತದೆ, ಆದರೆ ಆಪಲ್ ಯಂತ್ರಕ್ಕಷ್ಟೇ ಮೀಸಲು, ಜೇಬಿಗೂ ಭಾರ. ಲಿನಕ್ಸ್ ಮಿಂಟ್‌ನಂಥದ್ದು ಉಚಿತ, ಹಳೆಯ ಯಂತ್ರದಲ್ಲೂ ಓಡುತ್ತದೆ, ಕನ್ನಡ ಟೈಪಿಂಗೂ ಸಾಧ್ಯ. ಕೆಲವು ಪ್ರಿಂಟರ್‌ಗಳು ಮಾತ್ರ ಅದರೊಂದಿಗೆ ಮುನಿಸಿಕೊಳ್ಳುತ್ತವೆ.

ಹಾಗಾಗಿ ಲಿನಕ್ಸನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ. ವೈಫೈ, ಸೌಂಡ್, ಪ್ರಿಂಟರ್ ಸರಿಯಿದ್ದರೆ ಆಮೇಲೆ ಇನ್‌ಸ್ಟಾಲ್ ಮಾಡಿ. ಅದಕ್ಕೂ ಮುಂಚೆ ಫೈಲುಗಳ ಬ್ಯಾಕಪ್ ತೆಗೆದಿಡಲು ಮರೆಯಬೇಡಿ.